ಮನೆಯಂಗಳಕ್ಕೆ ಬಳ್ಳಿ ಆರಿಸುವ ಬಗೆ: ಬಿಸಿಲಿನ ಲೆಕ್ಕದಿಂದ ಚಪ್ಪರದವರೆಗೆ

ಜೂನ್‌ನಲ್ಲಿ ಒಂದೆರಡು ಹದವಾದ ಮಳೆ ಬಿದ್ದ ಕೂಡಲೇ ನರ್ಸರಿಗಳಲ್ಲಿ ಜನ ತುಂಬುತ್ತಾರೆ. ಬಳ್ಳಿ ಕೊಳ್ಳಲು ಬಂದವರು ಸಾಮಾನ್ಯವಾಗಿ ಮೊದಲು ನೋಡುವುದು ಹೂವನ್ನು. ಅದು ಏನನ್ನು ಹಿಡಿದು ಮೇಲೇರಬೇಕು, ನಾಲ್ಕು ವರ್ಷ ಕಳೆದರೆ ಎಷ್ಟು ಭಾರವಾಗುತ್ತದೆ ಎಂಬ ಪ್ರಶ್ನೆ ಏಳುವುದು ಮನೆಗೆ ತಂದ ಮೇಲೆ. ನಾನು ಗೇಟಿನ ಮೇಲಿನ ತೆಳು ಕಬ್ಬಿಣದ ಕಮಾನಿಗೆ ರಂಗೂನ್ ಬಳ್ಳಿ ಹಬ್ಬಿಸಿದ್ದೆ. ಮೂರನೆಯ ಮಳೆಗಾಲದ ಒಂದು ರಾತ್ರಿ ಬೀಸಿದ ಗಾಳಿಗೆ ಕಮಾನು ಬಾಗಿತು. ಗೊಂಚಲು ಗೊಂಚಲು ಹೂವಿದ್ದ ಬಳ್ಳಿಯನ್ನು ಬುಡಕ್ಕೆ ಕಡಿಯಬೇಕಾಯಿತು; ಆ ಬೇಸರ ಇನ್ನೂ ಆರಿಲ್ಲ. ಅಂದಿನಿಂದ ನಾನು ಪಾಲಿಸುತ್ತಿರುವ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ: ಮೊದಲು ಜಾಗ, ಆಮೇಲೆ ಬಳ್ಳಿ ಹತ್ತುವ ಬಗೆ, ಆಮೇಲೆ ಆಸರೆ, ಕೊನೆಗೆ ಗಿಡ.

ಹೆಜ್ಜೆ 1: ಬಿಸಿಲು ಎಲ್ಲಿ, ಎಷ್ಟು ಹೊತ್ತು ಎಂದು ಬರೆದಿಡಿ

ಒಂದು ಭಾನುವಾರ ಬೆಳಗ್ಗೆ ಎಂಟಕ್ಕೆ, ಮಧ್ಯಾಹ್ನ ಹನ್ನೆರಡಕ್ಕೆ, ಸಂಜೆ ನಾಲ್ಕಕ್ಕೆ ಮನೆಯ ಸುತ್ತ ಒಂದು ಸುತ್ತು ಹಾಕಿ. ನೆರಳಿನ ಅಂಚಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ದಿನಕ್ಕೆ 6 ಗಂಟೆಗಿಂತ ಹೆಚ್ಚು ನೇರ ಬಿಸಿಲು ಸಿಗುವ ಜಾಗ ತರಕಾರಿ ಬಳ್ಳಿಗಳಿಗೆ, ಮಲ್ಲಿಗೆಗೆ, ಬೋಗನ್‌ವಿಲ್ಲಾಕ್ಕೆ. ಮೂರು ನಾಲ್ಕು ಗಂಟೆ ಬಿಸಿಲಿದ್ದರೆ ಬಸಳೆ, ಶಂಖಪುಷ್ಪ, ಅಮೃತಬಳ್ಳಿ ಬರುತ್ತವೆ. ಬೆಳಕಿದ್ದೂ ನೇರ ಬಿಸಿಲು ಬೀಳದ ಕಡೆ ವೀಳ್ಯದೆಲೆ, ಕಾಳುಮೆಣಸು, ಮನಿಪ್ಲಾಂಟ್ ಹಾಕಬಹುದು.

ಆದರೆ ಒಂದು ದಿನದ ಗೆರೆ ವರ್ಷವಿಡೀ ನಿಲ್ಲುವುದಿಲ್ಲ. ಬೆಂಗಳೂರಿನಲ್ಲಿ ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ ನಡುಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಶೂನ್ಯ ನೆರಳಿನ ದಿನ ಎನ್ನುವುದು ಅದನ್ನೇ. ಆ ಎರಡು ದಿನಗಳ ನಡುವಿನ ತಿಂಗಳುಗಳಲ್ಲಿ ಸೂರ್ಯ ಉತ್ತರಕ್ಕೆ ವಾಲಿರುತ್ತಾನೆ. ಡಿಸೆಂಬರಿನಲ್ಲಿ ತಣ್ಣಗಿದ್ದ ಉತ್ತರದ ಗೋಡೆಗೆ ಮೇ ತಿಂಗಳಲ್ಲಿ ಬಿಸಿಲು ಹೊಡೆಯುತ್ತದೆ, ದಕ್ಷಿಣದ ಗೋಡೆ ನೆರಳಾಗುತ್ತದೆ. ಚಳಿಗಾಲದಲ್ಲಿ ನೋಡಿ ‘ಇಲ್ಲಿ ನೆರಳಿದೆ’ ಎಂದು ಉತ್ತರದ ಗೋಡೆಗೆ ವೀಳ್ಯದೆಲೆ ಹಬ್ಬಿಸಿದವರು ಬೇಸಿಗೆಯಲ್ಲಿ ಎಲೆ ಸುಟ್ಟಿದ್ದನ್ನು ಕಂಡು ನೀರು ಕಡಿಮೆಯಾಯಿತೇನೋ ಎಂದುಕೊಳ್ಳುತ್ತಾರೆ. ಆದ್ದರಿಂದ ಗೆರೆ ಎಳೆಯುವ ಕೆಲಸವನ್ನು ವರ್ಷಕ್ಕೆ ಎರಡು ಸಲ, ಡಿಸೆಂಬರಿನಲ್ಲೊಮ್ಮೆ ಮೇ ತಿಂಗಳಲ್ಲೊಮ್ಮೆ ಮಾಡಿ.

ಬಳ್ಳಿಯಿಂದ ಮನೆಗೆ ನಿಜವಾದ ಉಪಕಾರ ಆಗುವುದು ಪಶ್ಚಿಮದ ಗೋಡೆಯಲ್ಲಿ. ಮಧ್ಯಾಹ್ನದಿಂದ ಸಂಜೆಯವರೆಗೆ ಕಾದ ಆ ಗೋಡೆ ರಾತ್ರಿ ಮಲಗುವ ಕೋಣೆಗೆ ಸೆಕೆ ಬಿಡುತ್ತದೆ. ಗೋಡೆಯಿಂದ ಒಂದಡಿ ಮುಂದೆ ತಂತಿ ಅಥವಾ ಬಲೆ ಕಟ್ಟಿ, ಅದರ ಮೇಲೆ ಎಲೆ ದಟ್ಟವಾಗಿರುವ ಬಳ್ಳಿಯನ್ನು ಹಬ್ಬಿಸಿದರೆ ಬಿಸಿಲು ಎಲೆಯ ಮೇಲೆ ನಿಲ್ಲುತ್ತದೆ, ನಡುವಿನ ಸಂದಿಯಲ್ಲಿ ಗಾಳಿ ಆಡುತ್ತದೆ. ಕಲಬುರಗಿ, ರಾಯಚೂರು, ಬಳ್ಳಾರಿಯ ಕಡೆ ಮನೆಯಿದ್ದವರು ಬೇರೇನನ್ನು ನೆಡದಿದ್ದರೂ ಪಶ್ಚಿಮಕ್ಕೊಂದು ಹಂದರ ಹಾಕಲೇಬೇಕು.

ಗೆರೆ ಎಳೆಯುವಾಗಲೇ ತಲೆಯೆತ್ತಿ ವಿದ್ಯುತ್ ತಂತಿ ಎಲ್ಲಿದೆ, ತಲೆತಗ್ಗಿಸಿ ಸಂಪು ಮತ್ತು ಚರಂಡಿ ಪೈಪು ಎಲ್ಲಿವೆ ಎಂದೂ ನೋಡಿಕೊಳ್ಳಿ.

ಹೆಜ್ಜೆ 2: ಬಳ್ಳಿ ಹೇಗೆ ಹತ್ತುತ್ತದೆ ಎಂದು ತಿಳಿಯಿರಿ

ಇಡೀ ಆಯ್ಕೆ ನಿಂತಿರುವುದು ಇದರ ಮೇಲೆ. ನಮ್ಮ ತೋಟಗಳಲ್ಲಿ ನಾಲ್ಕು ಬಗೆಯ ಬಳ್ಳಿಗಳಿವೆ.

ಮೊದಲನೆಯವು ತಮ್ಮ ಕಾಂಡವನ್ನೇ ಆಸರೆಗೆ ಸುತ್ತಿಕೊಂಡು ಏರುವ ಬಳ್ಳಿಗಳು. ಚಪ್ಪರದವರೆ, ಶಂಖಪುಷ್ಪ, ಬಸಳೆ, ಅಮೃತಬಳ್ಳಿ ಈ ಗುಂಪಿನವು. ಇವಕ್ಕೆ ನೆಟ್ಟಗೆ ನಿಂತ ಆಸರೆ ಬೇಕು: ಬಿದಿರಿನ ಗಳ, ಕಿಟಕಿಯ ಸರಳು, ಮೇಲಿನಿಂದ ಇಳಿಬಿಟ್ಟ ಹುರಿ. ಅಡ್ಡಡ್ಡ ತಂತಿಗಳನ್ನಷ್ಟೇ ಕಟ್ಟಿದರೆ ಇವು ಮೇಲೇರಲಾರದೆ ನೆಲದಲ್ಲೇ ತೊಡಕಿಕೊಳ್ಳುತ್ತವೆ. ಪ್ರತಿ ಬಳ್ಳಿಗೂ ತನ್ನದೇ ಸುತ್ತುವ ದಿಕ್ಕಿದೆ. ನೀವು ಕೈಯಾರೆ ಎದುರು ದಿಕ್ಕಿಗೆ ಸುತ್ತಿಟ್ಟರೆ ತುದಿ ಬಿಡಿಸಿಕೊಂಡು ತನ್ನ ದಾರಿ ಹಿಡಿಯುತ್ತದೆ. ಸುಮ್ಮನೆ ಗಳಕ್ಕೆ ತಾಗಿಸಿ ಬಿಡಿ, ಉಳಿದದ್ದನ್ನು ಅದು ನೋಡಿಕೊಳ್ಳುತ್ತದೆ.

ಎರಡನೆಯವು ದಾರದಂಥ ಎಳೆ ಚಾಚಿ ಹಿಡಿಯುವ ಬಳ್ಳಿಗಳು: ಹೀರೆ, ಹಾಗಲ, ಪಡವಲ, ಸೋರೆ, ತೊಂಡೆ, ಪ್ಯಾಶನ್ ಫ್ರೂಟ್, ದ್ರಾಕ್ಷಿ. ಹೀರೆಬಳ್ಳಿಯ ಒಂದು ಎಳೆಯನ್ನು ಹತ್ತಿರದಿಂದ ನೋಡಿ. ತುದಿ ಹಗ್ಗವನ್ನು ಹಿಡಿದ ಮೇಲೆ ಉಳಿದ ಭಾಗ ಸ್ಪ್ರಿಂಗಿನಂತೆ ಸುರುಳಿಯಾಗುತ್ತದೆ. ಅರ್ಧ ಸುರುಳಿ ಒಂದು ದಿಕ್ಕಿಗಿದ್ದರೆ, ನಡುವೆ ಒಂದು ನೇರ ತುಂಡು ಬಂದು, ಇನ್ನರ್ಧ ಎದುರು ದಿಕ್ಕಿಗೆ ತಿರುಗಿರುತ್ತದೆ. ಎರಡೂ ತುದಿ ಸಿಕ್ಕಿಕೊಂಡ ಎಳೆ ನುಲಿದು ಹರಿಯದಂತೆ ಸುರುಳಿಯಾಗಲು ಇರುವ ದಾರಿ ಅದೊಂದೇ. ಗಾಳಿ ಬೀಸಿದಾಗ ಈ ಸುರುಳಿ ಎಳೆದು ಬಿಡುತ್ತ ಕಾಯಿ ತುಂಬಿದ ಬಳ್ಳಿಯನ್ನು ಕಾಪಾಡುತ್ತದೆ. ಇಷ್ಟು ತೆಳುವಾದ ಎಳೆ ಎರಡಿಂಚಿನ ಪೈಪನ್ನು ಹಿಡಿಯಲಾರದು. ಪೆನ್ಸಿಲ್‌ಗಿಂತ ದಪ್ಪವಿಲ್ಲದ ಕಡ್ಡಿ, ತೆಂಗಿನ ನಾರಿನ ಹುರಿ, ನೈಲಾನ್ ಬಲೆ ಇದಕ್ಕೆ ತಕ್ಕವು. ಚಂದದ ಕಬ್ಬಿಣದ ಕಂಬಗಳ ಚಪ್ಪರ ಹಾಕಿಸಿ ಹಾಗಲಬಳ್ಳಿ ಏರಲಿಲ್ಲ ಎನ್ನುವವರು ಕಂಬಕ್ಕೆ ಒಂದಿಷ್ಟು ಗೋಣಿದಾರ ಸುತ್ತಿದರೆ ಸಾಕು.

ಮೂರನೆಯವು ಗೆಣ್ಣಿನಲ್ಲಿ ಬೇರು ಬಿಟ್ಟು ಅಂಟಿಕೊಳ್ಳುವ ಬಳ್ಳಿಗಳು: ಕಾಳುಮೆಣಸು, ವೀಳ್ಯದೆಲೆ, ಮನಿಪ್ಲಾಂಟ್. ಇವಕ್ಕೆ ಒರಟು ಮೈಯ, ತೇವ ಹಿಡಿಯುವ ಮರವೇ ಆಸರೆ. ತೋಟಗಳಲ್ಲಿ ಅಡಿಕೆ, ಹಾಲುವಾಣ, ಸಿಲ್ವರ್ ಓಕ್ ಮರಕ್ಕೆ ಮೆಣಸು ಹಬ್ಬಿಸುವುದು ಇದಕ್ಕೇ. ಮನೆಯಂಗಳದಲ್ಲಿ ಒಂದು ತೆಂಗಿನ ಮರವೋ ನುಗ್ಗೆ ಮರವೋ ಇದ್ದರೆ ಆಸರೆ ಈಗಾಗಲೇ ಸಿದ್ಧವಿದೆ. ಪುಟ್ಟ ಎಲೆಯ, ಗೋಡೆಗೆ ಹಸಿರು ಬಣ್ಣ ಬಳಿದಂತೆ ಅಂಟಿಕೊಳ್ಳುವ ಫೈಕಸ್ ಬಳ್ಳಿಯೂ ಈ ಗುಂಪಿನದೇ. ಅದನ್ನು ಬಣ್ಣ ಹಚ್ಚಿದ ಗೋಡೆಗೆ ಬಿಡಬೇಡಿ. ಕೀಳುವಾಗ ಬಣ್ಣ, ಕೆಲವೊಮ್ಮೆ ಗಾರೆಯ ಚೂರೂ ಜೊತೆಗೆ ಬರುತ್ತವೆ. ಕಲ್ಲಿನ ಕಾಂಪೌಂಡಿಗೆ ಅಡ್ಡಿಯಿಲ್ಲ, ಆದರೆ ವರ್ಷಕ್ಕೆರಡು ಸಲ ಕತ್ತರಿಸುತ್ತಿರಬೇಕು. ವಯಸ್ಸಾದಂತೆ ದೊಡ್ಡ ಎಲೆಯ ದಪ್ಪ ಕೊಂಬೆಗಳು ಗೋಡೆ ಬಿಟ್ಟು ಹೊರಚಾಚುತ್ತವೆ.

ನಾಲ್ಕನೆಯವು ಏನನ್ನೂ ಹಿಡಿಯದೆ ಬೇರೆಯದರ ಮೇಲೆ ಒರಗಿ ಬೆಳೆಯುವಂಥವು: ಬೋಗನ್‌ವಿಲ್ಲಾ, ಜಾಜಿ, ಅಲಮಂಡ, ಬಳ್ಳಿ ಗುಲಾಬಿ. ಇವನ್ನು ನಾವೇ ಕಟ್ಟಬೇಕು. ತಿಂಗಳಿಗೊಮ್ಮೆಯಾದರೂ ಹೊಸ ಚಿಗುರಿಗೆ ದಾರ ಕಟ್ಟುವ ಪುರುಸೊತ್ತು ಇಲ್ಲದವರು ಮೊದಲ ಎರಡು ಗುಂಪಿನಲ್ಲೇ ಬಳ್ಳಿ ಹುಡುಕುವುದು ಒಳ್ಳೆಯದು.

ಹೆಜ್ಜೆ 3: ಯಾವ ಬಳ್ಳಿ ಎಂದು ಗೊತ್ತುಮಾಡಿ

ಅಡುಗೆಮನೆಗೆ ಬಳ್ಳಿ ಬೇಕೆಂದರೆ ಹಳೆ ಮೈಸೂರು ಸೀಮೆಯವರಿಗೆ ನಾನು ಮೊದಲು ಹೇಳುವುದು ಚಪ್ಪರದವರೆ. ಹಗಲು ಕುಗ್ಗಿದಾಗ ಮಾತ್ರ ಹೂ ಬಿಡುವುದು ಹಳೆಯ ನಾಟಿ ತಳಿಗಳ ಸ್ವಭಾವ. ಜುಲೈ–ಆಗಸ್ಟಿನಲ್ಲಿ ಬೀಜ ಹಾಕಿದರೆ ಚಳಿ ಬರುವ ಹೊತ್ತಿಗೆ ಚಪ್ಪರ ತುಂಬಿ ಹೂ ಕಚ್ಚುತ್ತದೆ. ಮಂಜು ಬಿದ್ದ ಬೆಳಗಿನಲ್ಲಿ ಕಾಯಿಯ ಸೊಗಡು ಅಂಗಳಕ್ಕೆಲ್ಲ ಹರಡುತ್ತದೆ. ಅದೇ ಬೀಜವನ್ನು ಫೆಬ್ರವರಿಯಲ್ಲಿ ಹಾಕಿದವರಿಗೆ ತಿಂಗಳುಗಟ್ಟಲೆ ಬರೀ ಸೊಪ್ಪು. ಬೀಜ ಕೊಳ್ಳುವಾಗ ಇನ್ನೊಂದು ಎಚ್ಚರ: ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4, ಅರ್ಕಾ ಜಯ, ಅರ್ಕಾ ವಿಜಯ ಇವೆಲ್ಲ ಬಳ್ಳಿಯಾಗಿ ಹಬ್ಬದಿರುವ ಗಿಡ್ಡ ತಳಿಗಳು. ಯಾವ ಕಾಲದಲ್ಲಿ ಬಿತ್ತಿದರೂ ಹೂ ಬಿಡುತ್ತವೆ, ಕುಂಡಕ್ಕೆ ಚೆನ್ನ, ಆದರೆ ಚಪ್ಪರ ಏರುವುದಿಲ್ಲ.

ಪಡವಲ, ಹೀರೆ, ಹಾಗಲ, ಸೋರೆಯನ್ನು ಜೂನ್–ಜುಲೈನಲ್ಲಿ ಒಮ್ಮೆ, ಜನವರಿ–ಫೆಬ್ರವರಿಯಲ್ಲಿ ಇನ್ನೊಮ್ಮೆ ಹಾಕಬಹುದು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ತಳಿಗಳಲ್ಲಿ ಹಾಗಲಕ್ಕೆ ಅರ್ಕಾ ಹರಿತ್, ಸೋರೆಗೆ ಅರ್ಕಾ ಬಹಾರ್, ಹೀರೆಗೆ ಅರ್ಕಾ ಸುಮೀತ್ ಇವೆ. ಒಂದು ಕುಟುಂಬಕ್ಕೆ ಒಂದೊಂದರಲ್ಲಿ ಎರಡು ಬುಡ ಸಾಕು. ಪಡವಲಕ್ಕೆ ಚಪ್ಪರವೇ ಬೇಕು, ಬಲೆಯ ಗೋಡೆ ಆಗದು. ಕಾಯಿ ನೆಟ್ಟಗೆ ಇಳಿಬೀಳಬೇಕು. ಕಾಯಿ ಸೊಟ್ಟಗಾಗುತ್ತಿದ್ದರೆ ತುದಿಗೆ ನೆಲ್ಲಿಕಾಯಿ ಗಾತ್ರದ ಕಲ್ಲನ್ನು ದಾರದಲ್ಲಿ ಕಟ್ಟಿ ಬಿಡುವ ಹಳೆಯ ರೂಢಿ ಇಂದಿಗೂ ಕೆಲಸ ಮಾಡುತ್ತದೆ.

‘ಹೂ ತುಂಬ ಬಿಡುತ್ತದೆ, ಕಾಯಿ ಕಚ್ಚುವುದಿಲ್ಲ’ ಎಂಬುದು ಬಾಯಿಂದ ಬಾಯಿಗೆ ಬರುವ ದೂರು. ಈ ಬಳ್ಳಿಗಳಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಶುರುವಿನಲ್ಲಿ ಬರುವುದು ಬಹುಪಾಲು ಗಂಡು ಹೂಗಳೇ. ಹೆಣ್ಣು ಹೂವಿನ ಹಿಂದೆ ಬೆರಳುಗುರಿನಷ್ಟು ಪುಟ್ಟ ಕಾಯಿಯ ಆಕಾರ ಇರುತ್ತದೆ. ತಾರಸಿಯ ಮೇಲೆ ಜೇನ್ನೊಣ ಬಾರದಿದ್ದರೆ ಗಂಡು ಹೂವನ್ನು ಕಿತ್ತು, ದಳ ಬಿಡಿಸಿ, ಹೆಣ್ಣು ಹೂವಿನ ನಡುವಿಗೆ ಮೆಲ್ಲಗೆ ಸವರಬೇಕು. ಹಾಗಲದ ಹೂ ಅರಳುವುದು ಬೆಳಗ್ಗೆ, ಹೀರೆ ಮತ್ತು ಸೋರೆಯದು ಸಂಜೆ. ಹೀರೆಯ ಹೂವಿಗೆ ಬೆಳಗ್ಗೆ ಹೋಗಿ ಈ ಕೆಲಸ ಮಾಡಿ ಫಲ ಕಾಣದವರಿದ್ದಾರೆ.

ತೊಂಡೆಯಲ್ಲಿ ಗಂಡು ಬಳ್ಳಿಯೇ ಬೇರೆ, ಹೆಣ್ಣು ಬಳ್ಳಿಯೇ ಬೇರೆ. ಬೀಜದಿಂದ ಬೆಳೆದರೆ ಯಾವುದು ಬರುತ್ತದೋ ತಿಳಿಯದು. ಕಾಯಿ ಬಿಡುತ್ತಿರುವ ಬಳ್ಳಿಯಿಂದ ಬೆರಳುದಪ್ಪದ, ನಾಲ್ಕೈದು ಗೆಣ್ಣಿನ ಕಡ್ಡಿ ತಂದು ನೆಡಿ. ಒಮ್ಮೆ ಹಿಡಿದರೆ ಮೂರು ನಾಲ್ಕು ವರ್ಷ ಕಾಯಿ ತಿನ್ನಬಹುದು. ಕರಾವಳಿಯವರಿಗೆ ಬಸಳೆ ಚಪ್ಪರದ ಬಗ್ಗೆ ಹೇಳಬೇಕಾದ್ದಿಲ್ಲ. ಘಟ್ಟದ ಮೇಲಿನವರಿಗೆ ಹೇಳುತ್ತೇನೆ. ಮಾರುಕಟ್ಟೆಯಿಂದ ಸಾರಿಗೆ ತಂದ ಬಸಳೆಯ ದಂಟನ್ನೇ ಒಂದು ಗೇಣು ಕತ್ತರಿಸಿ ಮಣ್ಣಿಗೆ ಊರಿದರೆ ಬೇರು ಬಿಡುತ್ತದೆ. ಇಷ್ಟು ಸುಲಭದ ಬಳ್ಳಿ ಇನ್ನೊಂದಿಲ್ಲ.

ಪ್ಯಾಶನ್ ಫ್ರೂಟ್ ಬೇಕೆಂದರೆ ನೇರಳೆ ಬಣ್ಣದ ಹಣ್ಣಿನದನ್ನೋ, ಕೊಡಗಿನ ಚೆಟ್ಟಳ್ಳಿಯಲ್ಲಿ ನೇರಳೆ ಮತ್ತು ಹಳದಿಯನ್ನು ಕೂಡಿಸಿ ಬೆಳೆಸಿದ ‘ಕಾವೇರಿ’ಯನ್ನೋ ಕೇಳಿ. ಹಳದಿ ಹಣ್ಣಿನ ಬಳ್ಳಿ ತನ್ನದೇ ಪರಾಗಕ್ಕೆ ಕಾಯಿ ಕಚ್ಚುವುದಿಲ್ಲ. ಒಂದೇ ಬಳ್ಳಿ ನೆಟ್ಟವರಿಗೆ ಹೂ ನೋಡುವ ಭಾಗ್ಯವಷ್ಟೇ.

ಮಲೆನಾಡಿನ ಮನೆಯಿದ್ದರೆ ಕಾಳುಮೆಣಸು ಹಚ್ಚಿ. ಇದರಲ್ಲಿ ಕಡ್ಡಿಯ ಆಯ್ಕೆಯೇ ಎಲ್ಲ. ಬುಡದಿಂದ ಹೊರಟು ನೆಲದ ಮೇಲೆ ಹರಿಯುವ ಹಂಬಿನ ತುಂಡು ನೆಟ್ಟರೆ ಮರ ಏರುವ ಬಳ್ಳಿಯಾಗುತ್ತದೆ. ಕಾಳು ಬಿಡುವ ಪಕ್ಕದ ಕವಲನ್ನು ನೆಟ್ಟರೆ ಅದು ಏರುವುದಿಲ್ಲ, ಪೊದೆಮೆಣಸಾಗಿ ಕುಂಡದಲ್ಲೇ ಉಳಿಯುತ್ತದೆ. ತಾರಸಿಯವರಿಗೆ ಬೇಕಾದದ್ದೇ ಅದು. ಮರಕ್ಕೆ ಹಬ್ಬಿಸುವವರು ಮರದ ಉತ್ತರದ ಮಗ್ಗುಲಿಗೆ ನೆಡಿ. ದಕ್ಷಿಣ, ಪಶ್ಚಿಮದ ಬಿಸಿಲು ಎಳೆ ಬಳ್ಳಿಯನ್ನು ಸುಡುತ್ತದೆ.

ಹೂವಿನ ಮಾತಿಗೆ ಬಂದರೆ ಕನ್ನಡ ನಾಡಿನವರು ಮಲ್ಲಿಗೆ ಬಿಟ್ಟು ಬೇರೆಡೆ ಹೋಗುವುದು ಹೇಗೆ? ಮೈಸೂರು, ಉಡುಪಿ, ಹಡಗಲಿ, ಈ ಮೂರೂ ಮಲ್ಲಿಗೆಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆಯಿದೆ. ಮನೆಯ ಕಮಾನಿಗೆ ಮಾತ್ರ ಜಾಜಿಯೇ ತಕ್ಕದ್ದು. ದುಂಡುಮಲ್ಲಿಗೆ ಪೊದೆಯಾಗುತ್ತದೆಯೇ ಹೊರತು ಹೆಚ್ಚು ಎತ್ತರ ಹತ್ತುವುದಿಲ್ಲ. ಮಲ್ಲಿಗೆಯ ಪರಿಮಳಕ್ಕೆ ಹಾವು ಬರುತ್ತದೆ ಎಂದು ಹಿರಿಯರು ತಡೆಯಬಹುದು. ಹಾವು ಹುಡುಕಿ ಬರುವುದು ಬುಡದ ಕಸದಲ್ಲಿ ಸೇರಿಕೊಂಡ ಇಲಿ, ಕಪ್ಪೆಗಳನ್ನು. ನೆಲದಿಂದ ಒಂದೂವರೆ ಅಡಿಯವರೆಗೆ ಕವಲು ತೆಗೆದು ಬುಡವನ್ನು ಗುಡಿಸಿಟ್ಟರೆ ಆ ಅಂಜಿಕೆ ಬೇಕಿಲ್ಲ.

ರಂಗೂನ್ ಬಳ್ಳಿಯನ್ನು ನಾನು ಇಂದಿಗೂ ಪ್ರೀತಿಸುತ್ತೇನೆ. ಸಂಜೆ ಬೆಳ್ಳಗೆ ಅರಳಿ ಘಮ್ಮೆನ್ನುವ ಹೂ ಮರುದಿನ ನಸುಗೆಂಪು, ಆಮೇಲೆ ಕಡುಗೆಂಪು. ಒಂದೇ ಗೊಂಚಲಿನಲ್ಲಿ ಮೂರೂ ಬಣ್ಣ. ಆದರೆ ಅದಕ್ಕೆ ಕಲ್ಲಿನ ಕಂಬವೋ ಎರಡಿಂಚಿನ ಪೈಪಿನ ಚೌಕಟ್ಟೋ ಬೇಕು. ಬೋಗನ್‌ವಿಲ್ಲಾ ಬಿಸಿಲೂರುಗಳ ಬಳ್ಳಿ. ನೀರು ಕಡಿಮೆಯಾದಷ್ಟೂ ಬಣ್ಣ ಹೆಚ್ಚು. ಮುಳ್ಳಿರುವುದರಿಂದ ಮಕ್ಕಳು ಓಡಾಡುವ ದಾರಿಗೆ ಬೇಡ. ಎರಡೇ ಅಡಿ ಜಾಗ, ಒಂದು ಕುಂಡ, ಒಂದು ಗ್ರಿಲ್ ಇರುವವರಿಗೆ ಶಂಖಪುಷ್ಪ. ಎರಡು ತಿಂಗಳಿಗೆ ನೀಲಿ ಹೂ.

ಇನ್ನೊಂದು ಬಳ್ಳಿಗಾಗಿ ನನ್ನ ಒತ್ತಾಯವಿದೆ: ಈಶ್ವರಿ ಬಳ್ಳಿ. ನೋಡಲು ಸಾಧಾರಣ. ಆದರೆ ಕರ್ನಾಟಕದ ರಾಜ್ಯ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್‌ನ ಹುಳುಗಳು ತಿಂದು ಬೆಳೆಯುವುದು ಈ ಜಾತಿಯ ಬಳ್ಳಿಗಳ ಎಲೆಯನ್ನು. ಬಯಲುಸೀಮೆಯಲ್ಲಿ ಕ್ರಿಮ್ಸನ್ ರೋಸ್, ಕಾಮನ್ ರೋಸ್ ಚಿಟ್ಟೆಗಳು ಇದನ್ನು ಹುಡುಕಿಕೊಂಡು ಬರುತ್ತವೆ. ಹುಳು ಎಲೆಯೆಲ್ಲ ತಿಂದು ಬರಲು ಕಡ್ಡಿ ಉಳಿಸಿದರೂ ಔಷಧಿ ಹೊಡೆಯಬೇಡಿ, ಬಳ್ಳಿ ಮತ್ತೆ ಚಿಗುರುತ್ತದೆ. ನಾವು ಮಾತ್ರ ಅದನ್ನು ಬಾಯಿಗೆ ಹಾಕಬಾರದು, ವಿಷ.

ವಿಷದ ಮಾತು ಬಂದದ್ದರಿಂದ ಇಲ್ಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಗುಲಗಂಜಿ ಬೇಡವೇ ಬೇಡ. ಆ ಕೆಂಪು ಬೀಜ ಅಗಿದು ನುಂಗಿದರೆ ಪ್ರಾಣಕ್ಕೇ ಅಪಾಯ. ಅಗ್ನಿಶಿಖೆಯ ಗೆಡ್ಡೆ ಅಷ್ಟೇ ವಿಷಕಾರಿ. ಅಮೃತಬಳ್ಳಿಯನ್ನು ಕಷಾಯಕ್ಕೆಂದು ನೆಡುವವರು ಕಾಂಡ ಸವರಿ ನೋಡಬೇಕು. ಕಾಂಡದ ತುಂಬ ನರುಳ್ಳೆಯಂಥ ಗಂಟುಗಳಿದ್ದರೆ ಅದು ಅದೇ ಕುಲದ ಬೇರೆ ಜಾತಿ, ಕಷಾಯಕ್ಕೆ ಬಳಸಬಾರದು.

ಹೆಜ್ಜೆ 4: ಗಿಡಕ್ಕಿಂತ ಮೊದಲು ಆಸರೆ

ಗಿಡ ತರುವ ಹಿಂದಿನ ವಾರವೇ ಆಸರೆ ನಿಲ್ಲಿಸಿ. ಬಳ್ಳಿ ಬೆಳೆದ ಮೇಲೆ ಗುಂಡಿ ತೋಡಿ ಕಂಬ ಹೂಳಿದರೆ ಬೇರು ಕಡಿದುಹೋಗುತ್ತದೆ. ಒಂದು ಹಂಗಾಮಿನ ತರಕಾರಿಗೆ ಬಿದಿರು, ಸರ್ವೆ ಗಳ, ಮಲೆನಾಡಿನಲ್ಲಾದರೆ ಅಡಿಕೆ ದಬ್ಬೆ ಸಾಕು. ಹತ್ತಾರು ವರ್ಷ ಬಾಳುವ ಬಳ್ಳಿಗೆ ಕಲ್ಲುಕಂಬ ಅಥವಾ ಪೈಪು, ನೆಲದಲ್ಲಿ ಎರಡಡಿ ಆಳ ಹೂತಿರಬೇಕು. ಚಪ್ಪರದ ಎತ್ತರ ಆರೂವರೆಯಿಂದ ಏಳಡಿ: ತಲೆಗೆ ತಾಗದು, ಕೈಗೆ ಕಾಯಿ ಎಟುಕುತ್ತದೆ. ಗೋಡೆಗೆ ಕಟ್ಟುವ ಚೌಕಟ್ಟು ಗೋಡೆಯಿಂದ ಕನಿಷ್ಠ ಅರ್ಧ ಅಡಿ ದೂರವಿರಲಿ; ಗೋಡೆಗೆ ಬಣ್ಣ ಹೊಡೆಯಲು ಕೈ ಹೋಗಬೇಕು. ತಾರಸಿಯಲ್ಲಿ ಗಾಳಿಯ ಹೊಡೆತ ಹೆಚ್ಚು. ಮಣ್ಣು ತುಂಬಿದ ಡ್ರಮ್ಮುಗಳಲ್ಲಿ ಕಂಬ ನಿಲ್ಲಿಸಿ ನಾಲ್ಕೂ ಮೂಲೆಗಳನ್ನು ಒಂದಕ್ಕೊಂದು ಕಟ್ಟಿ.

ಹೆಜ್ಜೆ 5: ನೆಡುವುದು

ನರ್ಸರಿಯಲ್ಲಿ ಹೂ ತುಂಬಿದ ಎತ್ತರದ ಬಳ್ಳಿಗಿಂತ ಬುಡದಲ್ಲಿ ಎರಡು ಮೂರು ಕವಲೊಡೆದ ಗಿಡ್ಡ ಸಸಿಯನ್ನು ಆರಿಸಿ. ಚೀಲದ ತಳದಲ್ಲಿ ಬೇರು ಸುರುಳಿ ಸುತ್ತಿದ್ದರೆ ಬೇಡ. ಸಾಧ್ಯವಾದರೆ ಹೂವಿರುವಾಗಲೇ ಒಮ್ಮೆ ಹೋಗಿ ಬಣ್ಣ, ಪರಿಮಳ ನೋಡಿಕೊಂಡು ಬನ್ನಿ. ಜಾಜಿ ಎಂದು ಕೊಟ್ಟದ್ದು ಬೇರೇನೋ ಆಗುವುದುಂಟು.

ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿಯನ್ನು ಗೋಡೆಯಿಂದ ಒಂದೂವರೆ ಅಡಿ ಈಚೆಗೆ ತೋಡಿ. ಸಜ್ಜಾದ ಕೆಳಗೆ ಮಳೆ ಬೀಳುವುದೇ ಇಲ್ಲ. ಊರೆಲ್ಲ ನೆನೆದ ದಿನವೂ ಅಲ್ಲಿನ ಮಣ್ಣು ಪುಡಿಪುಡಿಯಾಗಿರುತ್ತದೆ. ಹೊಸ ಮನೆಯಾದರೆ ಗುಂಡಿಯಲ್ಲಿ ಸಿಗುವ ಇಟ್ಟಿಗೆ ಚೂರು, ಸಿಮೆಂಟು ತೆಗೆದು, ಕೆಮ್ಮಣ್ಣಿಗೆ ಮೂರನೆ ಒಂದು ಪಾಲು ಕಳಿತ ಕೊಟ್ಟಿಗೆ ಗೊಬ್ಬರ ಮತ್ತು ಒಂದು ಹಿಡಿ ಬೇವಿನ ಹಿಂಡಿ ಸೇರಿಸಿ ತುಂಬಿ. ಕುಂಡವಾದರೆ ಶಂಖಪುಷ್ಪಕ್ಕೆ 12 ಇಂಚು, ಹೀರೆ, ಹಾಗಲಕ್ಕೆ ತಳಕ್ಕೆ ತೂತು ಹಾಕಿದ 20 ಲೀಟರಿನ ಬಕೆಟ್, ಸೋರೆಗೆ ಅದರ ಎರಡರಷ್ಟು. ಹಾಗಲ, ಶಂಖಪುಷ್ಪದ ಬೀಜದ ಸಿಪ್ಪೆ ಗಟ್ಟಿ. ಒಂದು ರಾತ್ರಿ ನೀರಲ್ಲಿ ನೆನೆಸಿ ಹಾಕಿ. ಸಸಿಯನ್ನು ಆಸರೆಯ ಕಡೆಗೆ ವಾಲಿಸಿ ನೆಟ್ಟು, ಬುಡಕ್ಕೆ ತರಗೆಲೆ ಹೊದಿಸಿ.

ಹೆಜ್ಜೆ 6: ಹಬ್ಬಿಸುವುದು, ಕತ್ತರಿಸುವುದು

ದಾರ ಕಟ್ಟುವಾಗ ಎಂಟರ ಆಕಾರದಲ್ಲಿ ಸಡಿಲವಾಗಿ ಕಟ್ಟಿ. ತಂತಿ ಬಳಸಿದರೆ ಕಾಂಡ ದಪ್ಪವಾದಂತೆ ಅದು ಒಳಗೆ ಕೊರೆಯುತ್ತದೆ. ಸೋರೆ, ಹಾಗಲ ಚಪ್ಪರ ಮುಟ್ಟಿದ ಮೇಲೆ ತುದಿ ಚಿವುಟಿ. ಪಕ್ಕದ ಕವಲುಗಳಲ್ಲೇ ಹೆಣ್ಣು ಹೂ ಹೆಚ್ಚು. ಎಳೆಗಾಯಿ ಹಳದಿಯಾಗಿ ಕೊಳೆಯುತ್ತಿದ್ದರೆ ಹಣ್ಣುನೊಣದ ಕೆಲಸ. ಗಂಡು ನೊಣಗಳನ್ನು ವಾಸನೆಯಿಂದ ಸೆಳೆದು ಹಿಡಿಯುವ ‘ಕ್ಯೂ ಲ್ಯೂರ್’ ಬಲೆ ತೂಗುಹಾಕಿ, ಕಾಯಿಗೆ ಕಾಗದದ ಚೀಲ ಕಟ್ಟಿ, ಕೊಳೆತ ಕಾಯಿಗಳನ್ನು ಆಳವಾಗಿ ಹೂಳಿ.

ಮಲ್ಲಿಗೆ, ಜಾಜಿಗೆ ಕತ್ತರಿ ಹಾಕಲು ಜನ ಹಿಂಜರಿಯುತ್ತಾರೆ. ಹೂ ಬರುವುದು ಹೊಸ ಚಿಗುರಿನಲ್ಲಿ. ನವೆಂಬರ್ ಕೊನೆಗೆ ದುಂಡುಮಲ್ಲಿಗೆ, ಡಿಸೆಂಬರ್ ಕೊನೆಗೆ ಜಾಜಿ, ಜನವರಿ ಕೊನೆಗೆ ಸೂಜಿಮಲ್ಲಿಗೆ ಸವರಬೇಕು. ಅದಕ್ಕೂ ಮೊದಲು ಹತ್ತು ದಿನ ನೀರು ನಿಲ್ಲಿಸಿ. ಪೊದೆಯಾದರೆ ಒಂದೂವರೆ ಅಡಿ ಉಳಿಸಿ, ಕಮಾನಿನ ಜಾಜಿಯಾದರೆ ಮುಖ್ಯ ಕಾಂಡ ಬಿಟ್ಟು ಪಕ್ಕದ ಕವಲುಗಳನ್ನೆಲ್ಲ ಕತ್ತರಿಸಿ. ಒಣಗಿದ್ದು, ಒಳಮುಖವಾಗಿ ಬೆಳೆದದ್ದು ತೆಗೆದು, ಬುಡಕ್ಕೆ ಒಂದು ಬುಟ್ಟಿ ಗೊಬ್ಬರ ಕೊಟ್ಟು, ಪಾತಿ ತುಂಬ ನೀರು ಬಿಡಿ. ಬೋಳು ಕಡ್ಡಿಗಳನ್ನು ನೋಡಿ ಮನಸ್ಸು ಮುದುಡಿದರೂ ಮೂರು ವಾರ ತಾಳಿ. ಗೆಣ್ಣುಗಳಲ್ಲಿ ಜೋಡಿ ಚಿಗುರು ಕಾಣಿಸುತ್ತದೆ, ಆಗ ಮತ್ತೆ ದಾರ ಹಿಡಿದು ಹೋಗಿ.